ಎಡಕ್ಕೇ ತಿರುಗುವವಳು

ಬೊಗಳುವ ನಾಯಿ ಕಚ್ಚುವುದಿಲ್ಲ ಎಂದವರು
ಯಾರೂ ಟಪಾಲು ಹಂಚಿದವರಲ್ಲ.
ಮೂವತ್ತೊಂದು ವರ್ಷ ಐರ್ಲೆಂಡಿನ ಈ ಡಂಗಾರ್ವನ್ನಿನಲ್ಲಿ
ನಾನು ಹಂಚಿದ್ದೇನೆ. ಎಡಗಾಲಿನ ಮೀನಖಂಡದಲ್ಲಿ
ಎರಡು ಸಾಲು ಹಲ್ಲಿನ ಗುರುತು,
ಕ್ವಿಲ್ಟಿಯವರ ಮನೆಯ ಟೆರಿಯರಿನದು,
ಚಳಿ ಹತ್ತಿದರೆ ಈಗಲೂ ಚುಳುಕ್ ಎನ್ನುತ್ತದೆ.

ನಿವೃತ್ತನಾದ ಮೇಲೆ ನಾಯಿ ತಂದೆ ಎಂದಾಗ
ಬೀದಿಗೆ ಬೀದಿಯೇ ನಕ್ಕಿತು.

ತಂದದ್ದು ನಾಯಿಯನ್ನೋ
ನಾಲ್ಕು ಕಾಲಿನ ಒಂದು ಗಾಬರಿಯನ್ನೋ.
ಎರಡೂ ಕಿವಿಯೊಳಗೆ ಹಸಿರು ಹಚ್ಚೆಯ ಅಕ್ಷರ,
ಓಟದ ಪಟ್ಟಿಯಲ್ಲಿ ಎಂದೂ ಗೆಲ್ಲದ ಉದ್ದದೊಂದು ಹೆಸರು.
ಬಾರ್ಲಿ ಎಂದು ಕರೆದೆ, ಮೈಬಣ್ಣ ಹಾಗಿತ್ತು.
ತಿರುಗಿ ನೋಡಲಿಲ್ಲ.
ಮೆಟ್ಟಿಲು ಕಂಡವಳಲ್ಲ, ಗಾಜಿನ ಬಾಗಿಲು ಕಂಡವಳಲ್ಲ.
ಕನ್ನಡಿಯೊಳಗಿನ ಬಡಕಲು ನಾಯಿಗೆ ಹೆದರಿ
ರಾತ್ರಿಯಿಡೀ ಸೋಫಾದ ಹಿಂದೆ ಕಳೆದಳು.

ಮೊದಲ ದಿನ ಹೊಸ್ತಿಲು.
ಎರಡನೆಯ ದಿನವೂ ಹೊಸ್ತಿಲೇ.
ಮೂರನೆಯ ದಿನ ಗೇಟಿನ ತನಕ ಬಂದು,
ಕಸದ ಡಬ್ಬಿಯ ಗಾಲಿ ಗಡಗಡ ಎಂದದ್ದೇ ತಡ,
ಗರಬಡಿದಂತೆ ನಿಂತಳು,
ಬಾಲ ಹೊಟ್ಟೆಯ ಕೆಳಗೆ, ತೆಳು ತೊಗಲಿನಡಿ
ಒಂದೊಂದು ಪಕ್ಕೆಲುಬೂ ಬೇರೆಬೇರೆಯಾಗಿ ನಡುಗುತ್ತ.
ನಾನು ಎಳೆದೆ. ಕಲ್ಲಾದಳು.
ಮತ್ತೆ ಎಳೆದೆ. ಆಗ ನೋಡಿದಳು.
ಆ ಟೆರಿಯರಿನ ಮುಂದೆ
ನಾನೂ ಹಾಗೆಯೇ ನೋಡಿರಬೇಕು.

ಆಶ್ರಯಧಾಮದ ಅಟ್ರಾಕ್ಟಾಗೆ ಫೋನು ಮಾಡಿದೆ.
“ಎಳೀಬೇಡ ಮಾರಾಯಾ,” ಎಂದಳು,
“ಬೆನ್ನಿಗೆ ಕೋಟು, ನಿನ್ನ ಜೇಬಿಗೆ ಚೀಸು,
ಆಮೇಲೆ ಸುಮ್ಮನೆ ಅವಳ ಜೊತೆ ನಿಂತ್ಕೋ.
ಇನ್ನೇನು ಕಾಗದ ಮುಟ್ಟಿಸೋದಿದೆ ನಿನಗೆ?”

ನಿಂತೆ.
ನಿಲ್ಲದೆ ನಡೆದ ಬೀದಿಯಲ್ಲಿ ಮೊದಲ ಸಲ ನಿಂತೆ.
ಎಂಟನೇ ನಂಬರಿನ ಬಾಗಿಲಿನ ಬಣ್ಣ ಎದ್ದಲ್ಲಿ
ಪದರ ಎಣಿಸಿದೆ: ಹಸಿರು, ಕೆನೆ, ಅದರಡಿಗೆ ಮತ್ತೆ ಹಸಿರು.
ಮಿಸೆಸ್ ಟೋಬಿನ್ ಪಾತ್ರೆ ತೊಳೆಯುತ್ತ ಹಾಡುತ್ತಾರೆ,
ಶ್ರುತಿ ಇಲ್ಲ, ಬಿಡುವುದೂ ಇಲ್ಲ.
ಕಡಲು ಹಿಂದೆ ಸರಿದು ಕೆಸರಿನ ವಾಸನೆ ಬಂತು,
ಬಾರ್ಲಿಯ ಮೂಗು ಅತ್ತ ತಿರುಗಿತು, ಬೆರಳಗಲ.
ಚೀಸು ಕೊಟ್ಟೆ. ಮೂಸಲಿಲ್ಲ. ಜೇಬಿನಲ್ಲೇ ಕರಗಿತು.

ಬಾಗಿಲಿನ ಟಪಾಲು ಕಿಂಡಿ ಟಪ್ಪೆಂದರೆ ಬೆಚ್ಚುತ್ತಿದ್ದಳು.
ಆ ಸದ್ದನ್ನು ಇಷ್ಟು ಕಾಲ ಮಾಡಿದವನು ನಾನೇ.
ಹೊಸ ಟಪಾಲಿನ ಹುಡುಗಿ ಇಫೆಯೋಮಾ
ಎರಡು ದಿನ ನೋಡಿ, ಮೂರನೆಯ ದಿನದಿಂದ
ಮುಚ್ಚಳವನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದಳು.
ನನಗದು ಎಂದೂ ಹೊಳೆದಿರಲಿಲ್ಲ.

ಹನ್ನೆರಡನೆಯ ದಿನ ಚೀಸು ತಿಂದಳು.
ಒಂದು ದೀಪದ ಕಂಬ. ವಾರದ ಮೇಲೆ ಇನ್ನೊಂದು ಕಂಬ.
ಬಸ್ಸು ಬಂದರೆ ನನ್ನ ಮೊಣಕಾಲಿಗೆ ಒರಗುವಳು,
ಒರಗುವುದೆಂದರೆ ಪೂರ್ತಿ,
ಗೋಡೆಗೆ ಏಣಿ ಆನಿಸಿದ ಹಾಗೆ.

ಮೂಲೆ ಬಂದರೆ ಮಾತ್ರ ಎಡಕ್ಕೇ.
ಯಾವ ಮೂಲೆಯಾದರೂ ಎಡಕ್ಕೇ.
ಓಟದ ಮೈದಾನ ಎಡಕ್ಕಷ್ಟೇ ತಿರುಗುತ್ತದೆ,
ಅವಳ ಲೋಕಕ್ಕೆ ಬಲಗಡೆ ಎಂಬುದೇ ಇರಲಿಲ್ಲ.
ನಾಲ್ಕು ಸಲ ಎಡಕ್ಕೆ ತಿರುಗಿದರೆ ಮನೆ.
ಸಮುದ್ರ ಇರುವುದು ಬಲಕ್ಕೆ.

ನಾನೂ ಅವಸರ ಮಾಡಲಿಲ್ಲ.
ಬಲಕ್ಕೆ ಕ್ವಿಲ್ಟಿಯವರ ಮನೆ.
ಟೆರಿಯರ್ ಸತ್ತು ಒಂಬತ್ತು ವರ್ಷವಾಯಿತು,
ಕಾಲಿಗೆ ಅದು ಗೊತ್ತಿಲ್ಲ.

ಮಾರ್ಚಿನ ಒಂದು ಗುರುವಾರ, ಗಾಳಿ ಬಿದ್ದಿತ್ತು,
ಮೂಲೆಯಲ್ಲಿ ನಿಂತಳು. ಗರಬಡಿದಂತಲ್ಲ,
ಲೆಕ್ಕ ಹಾಕುವವರು ನಿಲ್ಲುತ್ತಾರಲ್ಲ, ಹಾಗೆ.
ಹಗ್ಗ ಸಡಿಲ ಬಿಟ್ಟೆ.
ಬಲಕ್ಕೊಂದು ಹೆಜ್ಜೆ ಇಟ್ಟಳು. ಹಿಂತೆಗೆದಳು.
ಮತ್ತೆ ಇಟ್ಟಳು.

ಕ್ವಿಲ್ಟಿಯವರ ಗೇಟಿನ ಮುಂದೆ
ನನ್ನ ಕಾಲು ನಿಂತುಬಿಟ್ಟಿತು. ಸುಳ್ಳೇಕೆ, ನಡುಗಿತು.
ಬಾರ್ಲಿ ತಿರುಗಿ ನೋಡಿದಳು.
ಎಳೆಯಲಿಲ್ಲ.
ಹಿಂದಕ್ಕೆ ಬಂದು ಪಕ್ಕದಲ್ಲಿ ನಿಂತಳು,
ಸಮುದ್ರದ ಕಡೆ ಮೂಗು ಮಾಡಿಕೊಂಡು.
ಎಷ್ಟು ಹೊತ್ತೋ.

ಜೇಬಿನಲ್ಲಿದ್ದ ಚೀಸಿನಲ್ಲಿ
ಅರ್ಧ ನಾನು ತಿಂದೆ.