ನೀಲಿ ನಾಲಿಗೆ

ಮಡಿಲಲ್ಲಿ ಐಸ್ ಡಬ್ಬಿ. ಕಿರುಗಾವಲಿನಿಂದ ಮೈಸೂರಿಗೆ
ಹಿಂದಿನ ಸೀಟು. ಕಂಡಕ್ಟರ್ ಕೇಳಿದ: "ಏನಮ್ಮ, ಮೀನಾ?"
ನೆತ್ತರು, ಅಂದೆ. ಆಮೇಲೆ ಬನ್ನೂರು ದಾಟುವ ತನಕ
ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಹದಿನೇಳು ಸೀಸೆ, ಹದಿನೇಳು ಕುರಿ.
ಒಂದರ ಮೇಲೆ ನನ್ನ ಕೈಬರಹ: ಮಳ-೯.
ದೊಡ್ಡತಾಯಮ್ಮನ ಬಾಯಲ್ಲಿ ಅದು ಗುಂಡ.
ಗಿಡ್ಡ ಕಾಲು, ಹಲಗೆಯಂಥ ಬೆನ್ನು, ಕೊರಳಿಗೆ ತೊಗಲಿನ ಲೋಲಾಕು.
ನಾಲ್ಕು ದಿನದ ಜ್ವರ, ತುಟಿ ಬಾತು ಜೊಲ್ಲು.
ಬಾಯಿ ಬಿಡಿಸಿದರೆ
ನೇರಳೆ ಕದ್ದು ತಿಂದ ಮಗುವಿನ ನಾಲಿಗೆ.

"ಯಾರ ಕಣ್ಣು ಬಿತ್ತೋ ಕನವ್ವ."
ಕಣ್ಣಲ್ಲಮ್ಮ, ನುಸಿ. ನಾಲೆ ಬದಿಯ ಕೆಸರಲ್ಲಿ ಹುಟ್ಟಿ
ಹೊತ್ತು ಮುಳುಗಿದ ಮೇಲೆ ಕೊಟ್ಟಿಗೆಗೆ ಬರುತ್ತೆ, ಎಳ್ಳಿಗಿಂತ ಸಣ್ಣದು.
"ಎಳ್ಳಿಗಿಂತ ಸಣ್ಣದಕ್ಕೆ ಅಷ್ಟು ಅಲ್ಲಾ?"
ನಕ್ಕಳೋ ಏನೋ. ಕರೆಂಟು ಹೋಗಿತ್ತು.

ಲ್ಯಾಬಿನ ಯಂತ್ರ ರಾತ್ರಿಯಿಡೀ ಓದುತ್ತದೆ.
ಇಡೀ ವೈರಸ್ಸು ಹತ್ತು ತುಂಡು, ಇರುವುದು ನಾಲ್ಕೇ ಅಕ್ಷರ.
ಅಷ್ಟರಲ್ಲೇ ಕಾಗುಣಿತ ತಪ್ಪುತ್ತಾ ಊರೂರು ಅಲೆಯುತ್ತದೆ.
ನಮ್ಮ ಕಡೆ 'ಹ' ಬೀಳುವುದಿಲ್ಲವೇ,
ಹಾಲು ಆಲಾಗಿ, ಹಟ್ಟಿ ಅಟ್ಟಿಯಾಗಿ,
ಯಾರಿಗೂ ಏನೂ ನಷ್ಟವಾಗದೆ?
ಮದ್ದೂರಿನದರಲ್ಲಿ ಒಂದಕ್ಷರ ಬೇರೆ. ನಾಗಮಂಗಲದಲ್ಲಿ ಮೂರು.
ಟಿ. ನರಸೀಪುರದ್ದು ಮದ್ದೂರಿಗೆ ದಾಯಾದಿ.
ಹೀಗೆ ಸಂಬಂಧ ಹುಡುಕಿ ಮರ ಬರೆಯುವುದಕ್ಕೇ ನನಗೆ ಸಂಬಳ.

ಮಳ-೯ ಯಾವ ಕೊಂಬೆಗೂ ಕೂರಲಿಲ್ಲ.
ಎಂಟು ತುಂಡು ಇಲ್ಲಿಯವು. ಇನ್ನೆರಡು
ನಾವು ಕಂಡು ಕೇಳಿರದ ಕಡೆಯವು.
ಒಂದೇ ಟಗರಿನ ಮೈಯೊಳಗೆ ಒಂದು ರಾತ್ರಿ
ಎರಡು ವೈರಸ್ಸು ಎದುರುಬದುರು ಕೂತು
ಎಲೆ ಕಲಸಿ ಹಂಚಿಕೊಂಡಿವೆ.

ಫೋನು ಬಂತು. "ಗುಂಡ ಓದ ಕನವ್ವ."
ಪರದೆಯ ಮೇಲೆ ಅವನನ್ನೇ ಓದುತ್ತಿದ್ದೆ.
ತಿಳಿಯಲು ಒಂದು ಗಳಿಗೆ ಹಿಡಿಯಿತು.

ಹೊಸ ಕುರಿ ಏನಾದರೂ ಬಂದಿತ್ತಾ ಅಮ್ಮ, ಹೊರಗಿನಿಂದ?
ಆ ಕಡೆ ಕೋಳಿ ಕೂಗಿತು, ಯಾರೋ ನೀರು ಸುರಿದರು.
"ಅಳಿಯ ಎರಡು ತಂದಿದ್ದ. ಎತ್ತರದವು, ಲಾರೀಲಿ.
ಅವನ ಎಸ್ರು ಬರೀಬ್ಯಾಡ."

ಬರೆಯಲ್ಲ. ಬರೆಯೋಣವೆಂದರೂ ಈ ಮರದಲ್ಲಿ
ಹೆಸರಿಗೆ ಜಾಗವಿಲ್ಲ. ಅವಳಿಗದನ್ನು ಹೇಳಲಿಲ್ಲ.
"ಬೇವಿನಸೊಪ್ಪಿನ ಒಗೆ ಆಕಮ್ಮ ಸಂಜೆಗೆ," ಅಂದೆ,
"ಮಿಕ್ಕವಕ್ಕೆ."