ಮೂರು ಬೆರಳಿನ ಆಟ

ಸಿಂದಗಿ ನಾಕಾದಾಗ, ಬೇವಿನ ಗಿಡದ ಬುಡಕ,
ಗಾಡಿ ಕೆಳಗಿಂದ ಬರೇ ಕಾಲು ತೋರಿಸಿಕೋತ ದಸ್ತಗೀರ ಕೇಳಿದ:
"ಸ್ಟೇರಿಂಗಿಗೆ ಎಷ್ಟು ಆಟ ಐತಿ, ಕಾಕಾ?"
ಮೂರು ಬೆರಳು ಅಂದೆ.
"ಯಾರ ಬೆರಳು?" ಅಂದ.

ನನ್ನವು.
ತೊಂಬತ್ನಾಕರ ಗಾಡಿ. ಎಡಕ್ಕ ಹೊಳ್ಳಬೇಕಂದ್ರ
ಮೊದಲ ಮೂರು ಬೆರಳು ಸುಮ್ಮನ ತಿರುಗಸಬೇಕು,
ಗಾಲಿಗೆ ಅದು ಗೊತ್ತ ಆಗೂದಿಲ್ಲ.
ನಮ್ಮಪ್ಪನೂ ಹಂಗ,
ನಾಕನೇ ಸಲ ಕರದ್ರ "ಓ" ಅಂತಿದ್ದ.

ಇಂಡಿ ಲಿಂಬಿಕಾಯಿ ಹೇರಕೊಂಡು ಹುಬ್ಬಳ್ಳಿಗೆ ಹೋಗಿ ಬರೂದ್ರಾಗ
ಎರಡೂ ಭುಜ ಬ್ಯಾರೆ ಯಾರದೋ.
ಅಂಗಿ ಹೊಲಿಯೂ ಮಾಣಿಕಪ್ಪ ಟೇಪು ಹಿಡದು
"ಭುಜ ಎರಡಿಂಚು ಜಾಸ್ತಿ" ಅಂತ ಬರಕೋತಿದ್ದ.
ನಾ ಅದನ್ನ ಹೊಗಳಿಕಿ ಅಂತ ತಿಳಕೊಂಡಿದ್ದೆ.

ಪಿಟ್‌ಮನ್ ಆರ್ಮು ಮುಂಜಾನಿಂದ ಬಿಡಲಿಲ್ಲ.
ಡೀಸೆಲ್ ಹಾಕಿದ್ವಿ, ಬೆಂಕಿ ಹಿಡದ್ವಿ, ಪುಲ್ಲರ್ ಬಿಗದು
ದೊಡ್ಡ ಸುತ್ತಿಗಿಲೆ ಒಂದು ಕೊಟ್ಟ.
ದವಡಿ ಹಲ್ಲು ಕಿತ್ತಂಗ ಬಂತು.
ಹಳೇ ಬಾಕ್ಸು ನೆಲಕ್ಕ ಇಳೀತು, ಕರೀ ಎಣ್ಣಿ ಉಗುಳಿಕೋತ.

ಹೊಸಾದು ಅಂದ್ರ ಕೊಲ್ಹಾಪುರದ ಗುಜರಿದು,
ಸತ್ತ ಮತ್ತೊಂದು ಲಾರಿದು. ಪಂಪು, ಎರಡು ಪೈಪು, ಎಣ್ಣಿ ಡಬ್ಬಿ.
ಮುಂದಿನ ಗಾಲಿ ಜಾಕ್ ಮ್ಯಾಲ ಎತ್ತಿ
"ಆ ಕಡೆ ಪೂರಾ, ಈ ಕಡೆ ಪೂರಾ ತಿರುಗಸ್ರಿ" ಅಂದ.
ಡಬ್ಬ್ಯಾಗ ಗುಳ್ಳಿ ಎದ್ದು ಎದ್ದು ಒಡದು
ಕಡೀಕ ಎಣ್ಣಿ ಸುಮ್ಮನಾತು.

ಈಗ ಒಂದ ಬೆರಳು ಸಾಕು.
ನಮ್ಮ ಕ್ಲೀನರ್ ಸೋಮಲು ಕಿರಿಬೆರಳಿಲೆ ತಿರುಗಿಸಿ ನಕ್ಕ.
ನನಗ ನಗಿ ಬರಲಿಲ್ಲ.

ಕೊಲ್ಹಾರ ಸೇತುವಿ ಮ್ಯಾಲ, ರಾತ್ರಿ ಎರಡಕ್ಕ,
ಹಿನ್ನೀರಿನ ಗಾಳಿ ಬಲಕ್ಕ ಬಡೀತು.
ಕೈ ತನ್ನ ರೂಢಿಗೆ ಮೂರು ಬೆರಳು ಕೊಟ್ಟಬಿಡ್ತು.
ಗಾಡಿ ಅಷ್ಟನ್ನೂ ಕೇಳಿತು.
ಸೇತುವಿ ಅಂಚು ಲೈಟಿನ್ಯಾಗ ಎದ್ದು ನಿಂತು, ಸರೀತು.
ಹಿಂದ ಲಿಂಬಿ ಚೀಲ ಒಮ್ಮೆ ಉಸರು ಬಿಟ್ಟವು,
ಸೋಮಲು ನಿದ್ದಿಗಣ್ಣಾಗ "ಯಾಡೀ" ಅಂದ.

ತಿರುಗಿ ಬಂದು ಹೇಳಿದೆ: ಸ್ಕ್ರೂ ಸಡ್ಲ ಬಿಡೋ, ಒಂದ ಬೆರಳಿನಷ್ಟರೆ.
ದಸ್ತಗೀರ ಪಾನಾ ಒರಸಿಕೋತ ಅಂದ:
"ಗಾಡಿಗೆ ರೋಗ ಹಚ್ಚು ಅಂತೀರೇನು?
ಕೈಗೆ ಎರಡು ತಿಂಗಳು ಕೊಡ್ರಿ."

ಗುಜರಿಯಂವ ಹಳೇದಕ್ಕ ಕಿಲೋ ಮೂವತ್ತೆರಡು ಅಂದ.
ಕೊಡಲಿಲ್ಲ. ಪಡಸಾಲ್ಯಾಗ ಐತಿ, ಬಾಗಿಲಾ ಬಡೀಬಾರದಂತ ಒತ್ತಿಟ್ಟೀನಿ.
ನಿದ್ದಿ ಬರದಿದ್ರ ಅದರ ರಾಡು ಹಿಡದು ತಿರುಗಸ್ತೀನಿ.
ಒಂದು ಬೆರಳು, ಏನಿಲ್ಲ.
ಎರಡು.
ಮೂರು.
ಆಮ್ಯಾಲ ಆ ಕಡೆ ತುದಿ ಅಲುಗತೈತಿ.