ಮರೆಯಲು ಎಷ್ಟು ಹೊತ್ತು

ಮೂರು ಪೆಟ್ಟಿಗೆ, ಮೂವರು ಮಾರುವವರು,
ಮಾದರಿ ಫ್ಲಾಟಿನ ಬಿಳಿ ಮೇಜಿನ ಸುತ್ತ.
ಕಿಟಕಿಯಾಚೆ ಟಾಲಿನ್ನಿನ ಬಂದರು. ಗಂಟೆ ಮೂರೂವರೆ, ಆಗಲೇ ಕತ್ತಲು,
ದಡದ ಗುಂಟ ಹಾಲಿನ ಕೆನೆಯಂತೆ ಕಟ್ಟಿದ ಮಂಜುಗಡ್ಡೆ.
ಹಿಂದೆ ಇಲ್ಲಿ ಹಡಗು ಬೆಸೆಯುತ್ತಿದ್ದರು;
ಈಗ ನಲವತ್ತೆರಡು ಮನೆ. ತಿಂಗಳ ಬಾಡಿಗೆ ಹೇಳಿದರೆ
ನಮ್ಮಮ್ಮ ಕೂರಲು ಕುರ್ಚಿ ಹುಡುಕುತ್ತಾಳೆ.

ಕಟ್ಟಿ ನೋಡಿದವರು ಕೈತೊಳೆದು ಹೋದರು,
ಬಾಡಿಗೆಗೆ ಕೊಟ್ಟು ನೋಡುವ ಸರದಿ ನನ್ನದು.

ರೈನರ್ ಮೊದಲು. ಅವನ ಬೀಗಕ್ಕೆ ಮುಖವೇ ಕೀಲಿ.
ಹೊರಗೆ ಹೋಗಿ ಬಾ ಎಂದೆ. ಹೋದ. ಸೊನ್ನೆಗಿಂತ ಹದಿನೆಂಟು ಕೆಳಗೆ,
ಕನ್ನಡಕದ ಮೇಲೆ ಹಿಮ, ಮೂಗಿನವರೆಗೆ ಉಣ್ಣೆ.
ಕಂಡೂ ಕಾಣದ ನೆಂಟನಂತೆ ನಿಂತಿತು ಬಾಗಿಲು.
ನಾನೇ ಎದ್ದು ತೆಗೆದೆ.

ಲೀಸಿ ತಂದದ್ದು ಮಾತು ಕೇಳುವ ಗೋಡೆ.
ನಮ್ಮ ಭಾಷೆಯ ಹದಿನಾಲ್ಕು ವಿಭಕ್ತಿಯೂ ಬಲ್ಲದು ಎಂದಳು.
ಅಡುಗೆಮನೆಯಿಂದ ಎಂದದ್ದನ್ನು ಅಡುಗೆಮನೆಗೆ ಎಂದು ತಿಳಿದು
ಒಲೆ ಹೊತ್ತಿಸಿತು.
ಮೌನ ಬಂಗಾರ ಎನ್ನುವ ಊರಲ್ಲಿ
ದೀಪಕ್ಕೂ ಮಾತು ಖರ್ಚು ಮಾಡಬೇಕೇ, ಕೇಳಿದೆ. ನಕ್ಕಳು.

ಮೂರನೆಯವನು ಉರ್ಮಸ್, ಅರವತ್ತು ದಾಟಿದವನು, ಬೆರಳಲ್ಲಿ ಬೆಸುಗೆಯ ಕಲೆ.
ಪೆಟ್ಟಿಗೆ ಬಿಚ್ಚಿದ. ಸ್ವಿಚ್ಚು. ಒತ್ತಿದರೆ ಟಕ್ ಎನ್ನುವ ಸ್ವಿಚ್ಚು.
ಇಷ್ಟೇನಾ?
ಇನ್ನೂ ಇದೆ ಎಂದ, ಏನಿದೆ ಎನ್ನಲಿಲ್ಲ.

ಮೂವರಿಗೂ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ.
ಅದು ಹುಟ್ಟಿದ್ದು ಮೂವತ್ತೊಂದನೆಯ ಮನೆಯಲ್ಲಿ.

ಅಲ್ಲಿದ್ದವರು ಸೆಪ್ಟೆಂಬರಿನಲ್ಲಿ ಬಿಟ್ಟು ಹೋದರು.
ಗೋಡೆಗೆ ಮೊಳೆ ಹೊಡೆದವರಲ್ಲ, ಬಾಡಿಗೆ ತಡಮಾಡಿದವರಲ್ಲ,
ಹೆಸರು ಕೂಡ ಕಾಗದ ನೋಡಿಯೇ ಹೇಳಬೇಕು: ಹೆಲ್ವೆ ತಾಮ್ಸಾರ್.
ಅಕ್ಟೋಬರಿನಲ್ಲಿ ರೀಗಾದಿಂದ ಹೊಸ ಜೋಡಿ ಬಂತು,
ನಾಲ್ಕನೆಯ ದಿನವೇ ಫೋನು: ನಮ್ಮ ಮನೆಯಲ್ಲಿ ಯಾರಿದ್ದಾರೆ?

ರಾತ್ರಿ ಮೂರು ನಲವತ್ತಕ್ಕೆ ಹಜಾರದ ದೀಪ, ಮಂದ.
ಬಚ್ಚಲ ನೆಲ ತಾನಾಗಿ ಬೆಚ್ಚಗೆ.
ಕಿಟಕಿಯ ಪರದೆ ಗೇಣುದ್ದ ಮೇಲೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಅವರನ್ನು ಹತ್ತೊಂಬತ್ತಕ್ಕೆ ಕಳಿಸಿ ನಾನೇ ಒಂದು ರಾತ್ರಿ ಕೂತೆ,
ಥರ್ಮಾಸಿನ ಕಾಫಿ, ಕಾಲುಚೀಲ, ಖಾಲಿ ನೆಲ.
ಹೇಳಿದ ಹೊತ್ತಿಗೆ ದೀಪ ಬಂತು. ಅಂಗಾಲಿಗೆ ಬಿಸಿ ಬಂತು,
ಯಾರದೋ ಅಂಗಾಲಿಗೆ ಎಂದು ಬಂದದ್ದು.
ಪರದೆ ಎದ್ದ ಗೇಣಿನಲ್ಲಿ ಕಾಣುವುದು ಒಂದೇ:
ಅಲೆತಡೆಯ ತುದಿಯ ಕೆಂಪು ದೀಪ.
ಆಕೆ ಕಾಯುತ್ತಿದ್ದಳೋ, ಮಾತ್ರೆ ನುಂಗಲು ಏಳುತ್ತಿದ್ದಳೋ,
ನಿದ್ದೆ ಬಾರದ ಮಗುವಿಗೆ ಕಡಲು ತೋರಿಸುತ್ತಿದ್ದಳೋ.
ಮನೆಗೆ ಗೊತ್ತು. ಮನೆ ನನಗೆ ಹೇಳದು.
ಹದಿನೇಳು ನಿಮಿಷ. ಆಮೇಲೆ ಪರದೆ ಇಳಿಯಿತು.

ಆದ್ದರಿಂದ ಈಗ ಕೇಳಿದೆ:
ನಿಮ್ಮದಕ್ಕೆ ಮರೆಯಲು ಎಷ್ಟು ಹೊತ್ತು ಬೇಕು?

ರೈನರ್: ಅರ್ಜಿ ಹಾಕಿದ ಮೇಲೆ ಮೂರು ಕೆಲಸದ ದಿನ.
ಲೀಸಿ: ನಮ್ಮದು ಯಾವುದನ್ನೂ ಮರೆಯುವುದಿಲ್ಲ, ಹೆಮ್ಮೆಯಿಂದ.
ಉರ್ಮಸ್ ಸ್ವಿಚ್ಚು ಹೊರಳಿಸಿದ. ಪಕ್ಕೆಯಲ್ಲಿ ಸೂಜಿತೂತು.
ತಲೆಪಿನ್ನು ಸಾಕು ಎಂದ. ಒತ್ತಿ ಹಿಡಿದು ಹತ್ತರವರೆಗೆ ಎಣಿಸಿ.
ಕಲಿತದ್ದೆಲ್ಲ ಹೋಗುತ್ತದೆ. ಸ್ವಿಚ್ಚು ಉಳಿಯುತ್ತದೆ.

ಬೆಲೆಯಲ್ಲಿ ಅವನದು ನಡುವಿನದು. ಕಂಪನಿಗೆ ಅದನ್ನೇ ಕಾರಣವೆಂದು ಬರೆದೆ,
ಇಂಟರ್ನೆಟ್ಟು ಸತ್ತರೂ ದೀಪ ಹತ್ತುತ್ತದೆ ಎಂದೂ,
ಅತಿಥಿಗಳು ಕೈಪಿಡಿ ಓದಬೇಕಿಲ್ಲ ಎಂದೂ.

ಸೋಮವಾರ ಹಳೆಯದನ್ನು ಕೀಳಲು ಬರುತ್ತಾರೆ.
ಆರ್ಡರಿನಲ್ಲಿ ನಲವತ್ತೆರಡು ಎಂದು ಬರೆದು
ಎರಡನ್ನು ಒಂದಾಗಿ ತಿದ್ದಿದೆ.
ಮೂವತ್ತೊಂದನೆಯದು ಮುಂದಿನ ತಿಂಗಳು.
ಕಾರಣದ ಅಂಕಣ ಖಾಲಿ ಬಿಡುವಂತಿಲ್ಲವಂತೆ.
ಬರೆದೆ: ಗೋಡೆಯ ಬಣ್ಣ ಇನ್ನೂ ಒಣಗಿಲ್ಲ.